ಮುನಿಯಪ್ಪನ ಗುಂಡುಪಾತಿ

ಮೊನ್ನೆ ಅಟ್ಟ ಗುಡಿಸುವಾಗ ಒಂದು ಹಳೆಯ ಗೋಣಿಚೀಲದಿಂದ ಎರಡು ಗೂಟ ಮತ್ತು ಒಂದು ಹಗ್ಗ ಹೊರಗೆ ಬಿದ್ದವು. ನಮ್ಮ ಯಜಮಾನರು ಅವನ್ನು ಕಾಲಿನಿಂದ ಸರಿಸಿ, "ಇದ್ಯಾವ ದನ ಕಟ್ಟೋ ಹಗ್ಗಾನೇ? ಜೀವನ್ ಬಿಮಾ ನಗರದ ಎರಡನೇ ಮಹಡೀಲಿ ದನ ಸಾಕ್ತೀಯಾ? ಬಿಸಾಕು ಅತ್ಲಾಗೆ" ಎಂದರು. "ಮೊದಲು ಕಾಲು ತೆಗೀರಿ" ಎಂದೆ. ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಚರಿತ್ರೆ ಹೇಳಿಕೊಡುವವಳು. ಆ ದನಿಯನ್ನು ಸಾಮಾನ್ಯವಾಗಿ ಶಾಲೆಯಲ್ಲೇ ಬಿಟ್ಟು ಬರುತ್ತೇನೆ, ಅವತ್ತು ಮನೆಯಲ್ಲೂ ಹೊರಟುಬಿಟ್ಟಿತು. ಅವರು ಕಾಲು ತೆಗೆದರು.

ಆ ಹಗ್ಗ ಸರಿಯಾಗಿ ಐದು ಮೊಳ. ಯಾರ ಮೊಳ ಎಂದರೆ ನಮ್ಮ ತಾತ ಮುನಿಯಪ್ಪನ ಮೊಳ. ಹಗ್ಗ ಹಳತಾಗಿ ಎರಡು ಮೂರು ಸಲ ಬದಲಾಗಿದೆ, ಗೂಟ ಮಾತ್ರ ತಾತ ಜಾಲಿಮರದಲ್ಲಿ ಕೆತ್ತಿದವೇ. ಒಂದು ಗೂಟವನ್ನು ನೆಲಕ್ಕೆ ಬಡಿದು, ಹಗ್ಗ ಬಿಗಿಯಾಗಿ ಎಳೆದು, ಇನ್ನೊಂದು ಗೂಟದಿಂದ ಮಣ್ಣು ಗೀರುತ್ತ ಒಂದು ಸುತ್ತು ಬಂದರೆ ಗುಂಡನೆಯ ಹೂವಿನ ಪಾತಿಗೆ ಗೆರೆ ತಯಾರು. ಶಾಲೆಯಲ್ಲಿ ನನ್ನ ಕೈವಾರ ಯಾವಾಗಲೂ ಜಾರಿ ನಾನು ಬರೆದ ವೃತ್ತಗಳೆಲ್ಲ ಕೋಳಿಮೊಟ್ಟೆಗಳಾಗುತ್ತಿದ್ದವು. ತಾತನ ಗೂಟ ಒಂದು ದಿನವಾದರೂ ಜಾರಿದ್ದು ಯಾರೂ ಕಂಡಿಲ್ಲ.

ತಾತ ಹಲಸೂರಿನವನು, ಕಂಟೋನ್ಮೆಂಟಿನ ಒಂದು ಬಂಗಲೆಯಲ್ಲಿ ಮಾಲಿ. ಬಂಗಲೆಯ ಗೇಟಿನ ಕಲ್ಲುಕಂಬದಲ್ಲಿ ಒಂದು ಇಂಗ್ಲಿಷ್ ಹೆಸರು ಕೆತ್ತಿತ್ತು. ಅದನ್ನು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ನಮಗೆ ಅದು 'ಬಂಗ್ಲೆ', ಅಷ್ಟೇ. ಇಂಗ್ಲಿಷರ ಕಾಲದಲ್ಲಿ ಅಲ್ಲಿದ್ದ ದೊರೆಸಾನಿಯ ತವರು ಇಂಗ್ಲೆಂಡಿನ ಯಾವುದೋ ಹಳ್ಳಿಗಾಡಿನ ದೊಡ್ಡ ಮನೆಯಂತೆ. ದೊಡ್ಡದು ಎಂದರೆ ನಮ್ಮ ಬೀದಿಯ ಜನರೆಲ್ಲ ಒಳಗೆ ಹೋದರೂ ಒಬ್ಬರಿಗೊಬ್ಬರು ಸಿಗದಷ್ಟು ದೊಡ್ಡದು. ಆ ಮನೆ ಮತ್ತು ಅದರ ಮುಂದಿನ ತೋಟದ ಒಂದು ಚಿತ್ರ ಗಾಜು ಹಾಕಿಸಿಕೊಂಡು ಬಂಗ್ಲೆಯ ಹಾಲಿನಲ್ಲಿ ತೂಗುತ್ತಿತ್ತು. ದೊರೆಸಾನಿ ತಾತನನ್ನು ಅದರ ಮುಂದೆ ನಿಲ್ಲಿಸಿ, ತೋಟ ಹೀಗೇ ಆಗಬೇಕು, ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದು ಎಂದು ಬಟ್ಲರನ ಬಾಯಲ್ಲಿ ಹೇಳಿಸಿ, ಬೇಸಿಗೆ ಕಳೆಯಲು ಊಟಿಗೆ ಹೊರಟುಹೋದಳು.

ತಾತ ದಿನಾ ಬೆಳಿಗ್ಗೆ ಕಾಲು ತೊಳೆದುಕೊಂಡು ಹಾಲಿಗೆ ಹೋಗುತ್ತಿದ್ದ. ಚಿತ್ರದ ಒಂದು ಮೂಲೆಯನ್ನು ಕಣ್ಣಲ್ಲಿ ತುಂಬಿಕೊಂಡು, ಮರೆತುಹೋಗುವ ಮೊದಲು ಹೊರಗೆ ಓಡಿ ಗೂಟ ಹೊಡೆಯುತ್ತಿದ್ದ. ಹೀಗೆ ಓಡಿ ಓಡಿ ಮುಕ್ಕಾಲು ತೋಟ ಮುಗಿಸಿದ ಮೇಲೆ ಒಂದು ತೊಡಕು ಎದುರಾಯಿತು. ಚಿತ್ರದಲ್ಲಿ ಹುಲ್ಲುಹಾಸಿನ ಬಲಗಡೆ ಗುಂಡನೆಯ ಕಂದು ಜಾಗ ಒಂದಿತ್ತು. ಪಾತಿಯೇನೋ ಹೌದು, ಆದರೆ ಹೂವಿಲ್ಲ. ಉಳಿದ ಪಾತಿಗಳಿಗೆಲ್ಲ ಇಂಥದ್ದೇ ಹೂವು ಎಂದು ಬೀಜದ ಪೊಟ್ಟಣ ಕೊಟ್ಟುಹೋಗಿದ್ದ ದೊರೆಸಾನಿ ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ತಾತ ಎರಡು ದಿನ ಯೋಚಿಸಿದ. ಮಣ್ಣು ತೋರಿಸಿ ಹೂವು ತೋರಿಸಿಲ್ಲ ಎಂದರೆ ಇದನ್ನು ಮಾಲಿಯ ಇಷ್ಟಕ್ಕೆ ಬಿಟ್ಟಿದ್ದಾರೆ ಎಂದು ತೀರ್ಮಾನಿಸಿದ. ಐದು ಮೊಳದ ಹಗ್ಗ ಹಿಡಿದು ಸುತ್ತು ಹಾಕಿದ, ಅಗೆದ, ಗೊಬ್ಬರ ತುಂಬಿದ, ತನಗೆ ಇಷ್ಟವಾದ ಕಾಬಾಳೆ ಹಾಕಿದ. ಬಾಳೆಯಂಥ ಎಲೆ, ಕೆಂಡದಂಥ ಕೆಂಪು ಹೂವು; ಪಾರ್ಕಿನ ಬೋರ್ಡು ಓದಿದವರು ಅದನ್ನು ಕ್ಯಾನ ಎನ್ನುತ್ತಾರೆ.

ಊಟಿಯಿಂದ ಬಂದ ದೊರೆಸಾನಿ ಗುಂಡುಪಾತಿಯ ಮುಂದೆ ಬಹಳ ಹೊತ್ತು ನಿಂತಳಂತೆ. ಒಂದು ಸುತ್ತು ಬಂದಳಂತೆ. ಕೊನೆಗೆ "ಗುಡ್" ಅಂದಳಂತೆ. ಆ ಒಂದು 'ಗುಡ್' ನಮ್ಮ ಮನೆಯಲ್ಲಿ ಮೂರು ತಲೆಮಾರು ಬಾಳಿತು. ನಾವು ಮಕ್ಕಳು ಯಾವುದಾದರೂ ಕೆಲಸ ಅರ್ಧಂಬರ್ಧ ಮಾಡಿದರೆ ಅಮ್ಮ ಜಯಮ್ಮ ಶುರುಮಾಡುತ್ತಿದ್ದಳು: "ಓದು ಬರಹ ಬರ್ದಿದ್ ನಮ್ಮಪ್ಪ ಇಂಗ್ಲೆಂಡ್ನೇ ಒಂಚೂರು ತಪ್ಪಿಲ್ದಂಗೆ ಇಳಿಸ್ದ. ನಿಂಗೆ ಒಂದು ಮಗ್ಗಿ ನೆಟ್ಟಗೆ ಬರಿಯಕ್ಕಾಗಲ್ಲ!"

ಇಂಗ್ಲಿಷರು ಹೋದರು. ಬಂಗ್ಲೆಯನ್ನು ಶಿವಾಜಿನಗರದಲ್ಲಿ ಚರ್ಮದ ವ್ಯಾಪಾರ ಮಾಡುತ್ತಿದ್ದ ಸಾಹೇಬರ ಮನೆಯವರು ಕೊಂಡರು. ಚಿತ್ರ ಇದ್ದಲ್ಲೇ ಇತ್ತು, ಪಾತಿಯೂ ಇದ್ದಲ್ಲೇ ಇತ್ತು. ತಾತನ ಮಂಡಿ ಸೋತ ಮೇಲೆ ತೋಟ ಅಮ್ಮನ ಕೈಗೆ ಬಂತು. ಹೆಂಗಸು ಮಾಲಿಯೇ ಎಂದು ಅಕ್ಕಪಕ್ಕದ ಬಂಗಲೆಯವರು ನಕ್ಕರಂತೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲಿಕತ್ತರಿ ಹಿಡಿದು ಅವರ ಕಡೆಗೇ ಮುಖಮಾಡಿ ಬೇಲಿ ಕತ್ತರಿಸಿದಳಂತೆ.

ತೊಂಬತ್ತರ ದಶಕದ ನನ್ನ ಭಾನುವಾರಗಳೆಲ್ಲ ಆ ತೋಟದಲ್ಲೇ ಕಳೆದವು. ತಲೆಯ ಮೇಲೆ ಹಳೆಯ ಏರ್‌ಪೋರ್ಟಿಗೆ ಇಳಿಯುವ ವಿಮಾನ, ಕೆಳಗೆ ಕಳೆ ಕೀಳುತ್ತ ಕುಕ್ಕರಗಾಲಲ್ಲಿ ಸಾಗುವ ಅಮ್ಮ. ನನಗೆ ಕೆಲಸ ಬರುತ್ತಿರಲಿಲ್ಲ, ಬಾಯಿ ಮಾತ್ರ ಬರುತ್ತಿತ್ತು. ಒಂದು ಸಲ ಹಿತ್ತಲ ಮೂಲೆಯ ಕೆಸುವಿನ ಗೆಡ್ಡೆಗಳನ್ನೆಲ್ಲ ಒಂದೂ ಬಿಡದೆ ಕಿತ್ತು ರಾಶಿ ಹಾಕಿ ಶಹಬ್ಬಾಸ್‌ಗಿರಿಗೆ ಕಾದೆ. ಅಮ್ಮ ತಲೆಗೊಂದು ಮೊಟಕಿದಳು. "ಗೆಡ್ಡೆ ಕಿತ್ರೆ ಒಂದನ್ನ ಮಣ್ಣಿಗೆ ಬಿಡ್ಬೇಕು ಕಣೆ. ಅದು ಭೂಮ್ತಾಯಿ ಪಾಲು. ನಮ್ಮಪ್ಪನ ಕಾಲ್ದಿಂದ ಹಂಗೇ" ಎಂದು ಒಂದು ಗೆಡ್ಡೆಯನ್ನು ನನ್ನ ಕೈಯಿಂದಲೇ ವಾಪಸು ಹೂಳಿಸಿದಳು. ಅದು ನಮ್ಮ ಮನೆಯ ಪದ್ಧತಿ. ಅರಿಶಿನವಾಗಲಿ ಶುಂಠಿಯಾಗಲಿ ಎಲ್ಲವನ್ನೂ ಬಳಿದುಕೊಂಡು ಬರುವ ಹಾಗಿಲ್ಲ.

ಒಂದು ನಾಚಿಕೆಗೇಡಿನ ಸಂಗತಿ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಏನು ಮುಚ್ಚುಮರೆ. ಹೈಸ್ಕೂಲಿನಲ್ಲಿ ನಾನು ಅಮ್ಮ ಮಾಲಿ ಎಂದು ಹೇಳುತ್ತಿರಲಿಲ್ಲ. "ಅಮ್ಮ ಬಂಗ್ಲೇಲಿದಾರೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಶಾಲಿನಿ ಎಂಬ ಗೆಳತಿ ಬಂಗ್ಲೆ ನೋಡಲೇಬೇಕೆಂದು ಹಟಹಿಡಿದು ಬಂದಾಗ ನನ್ನ ಜೀವ ಬಾಯಿಗೆ ಬಂತು. ಅಮ್ಮ ಮೊಣಕಾಲುದ್ದ ಕೆಸರಿನಲ್ಲಿದ್ದಳು. ಬೇರೆ ದಾರಿ ಕಾಣದೆ ಶಾಲಿನಿಯನ್ನು ಹಾಲಿನ ಬಾಗಿಲಿಗೆ ಕರೆದೊಯ್ದು ಚಿತ್ರ ತೋರಿಸಿ, "ಅದರಲ್ಲಿರೋದೆಲ್ಲ ಇಲ್ಲಿದೆ ನೋಡು, ನಮ್ಮ ತಾತ ಮಾಡಿದ್ದು" ಎಂದೆ. ಅವಳು ಒಂದೊಂದೇ ಹೋಲಿಸಿ ನೋಡಿ, ಗುಂಡುಪಾತಿಯ ಹತ್ತಿರ ನಿಂತು, "ಅಯ್ಯೋ, ಕರೆಕ್ಟಾಗಿದೆ ಕಣೇ!" ಎಂದಳು. ಆಮೇಲೆ ನಾನು ಅಮ್ಮನ ಕೆಲಸ ಮುಚ್ಚಿಡಲಿಲ್ಲ.

ಎರಡು ಸಾವಿರದ ಇಸವಿ ದಾಟಿತು. ನಾನು ಟೀಚರಾದೆ, ಮದುವೆಯಾಗಿ ಜೀವನ್ ಬಿಮಾ ನಗರಕ್ಕೆ ಬಂದೆ. ಅಮ್ಮ ಜೋಗುಪಾಳ್ಯದ ಮನೆಯಿಂದ ಬಂಗ್ಲೆಗೆ ನಡೆದು ಹೋಗಿಬರುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಸಾಹೇಬರು ಅವಳನ್ನು ಕರೆಸಿ ಕೂರಿಸಿದರು. "ಜಯಮ್ಮಾ, ಬಚ್ಚೇ ಲೋಗ್ ಇಲ್ಲಿ ಹೋಟ್ಲು ಮಾಡ್ತಾರಂತೆ. ಇಂಗ್ಲಿಷ್ ಗಾರ್ಡನ್ನಲ್ಲಿ ಟೀ ಕೊಡ್ತಾರಂತೆ. ಹಮಾರಿ ಕೌನ್ ಸುನ್ತಾ, ನನ್ನ ಮಾತು ಯಾರು ಕೇಳ್ತಾರೆ? ತೋಟದ ಡಿಸೈನ್ ಮಾಡೋಕೆ ಒಬ್ಳು ಹುಡ್ಗಿ ಬರ್ತಾಳೆ. ನೀವು ಸ್ವಲ್ಪ ಜೊತೇಲಿದ್ದು ಹೇಳಿಕೊಡಿ" ಎಂದರು. ಅಮ್ಮ ನನಗೆ ಫೋನ್ ಮಾಡಿ, "ಇಂಗ್ಲಿಷ್ ಗೀಂಗ್ಲಿಷ್ ಮಾತಾಡ್ತಾಳೇನೋ, ನೀನೂ ಬಾ" ಎಂದಳು.

ಇಂದಿರಾನಗರದಿಂದ ಬಂದ ಪಲ್ಲವಿ ಎಂಬ ಆ ಹುಡುಗಿ ಕೆಟ್ಟವಳೇನಲ್ಲ. ಅಮ್ಮನಿಗೆ ಕುರ್ಚಿ ಹಾಕಿದಳು, ಗಿಡಗಳ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದಳು. ದೊರೆಸಾನಿಯ ತವರುಮನೆಯ ಮತ್ತು ಅದರ ತೋಟಗಳ ಚರಿತ್ರೆ. ಹಾಲಿನಲ್ಲಿದ್ದ ಅದೇ ಚಿತ್ರ ಅದರಲ್ಲಿ ಒಂದಿಡೀ ಪುಟ ತುಂಬಿಕೊಂಡಿತ್ತು, ಹೊಸದಾಗಿ, ಥಳಥಳ ಎನ್ನುತ್ತ. ಹುಲ್ಲಿನ ಬಲಗಡೆ ಬರೀ ಹುಲ್ಲು.

"ನೋಡಿ ಆಂಟಿ, ಒರಿಜಿನಲ್‌ನಲ್ಲಿ ಇಲ್ಲಿ ಏನೂ ಇಲ್ಲ" ಎಂದಳು ಪಲ್ಲವಿ. "ನಿಮ್ಮ ಹಾಲಲ್ಲಿರೋ ಚಿತ್ರಕ್ಕೆ ಯಾವಾಗ್ಲೋ ಮಳೆನೀರು ಸೋರಿದೆ. ಆ ರೌಂಡು ನೀರಿನ ಕಲೆ ಅಷ್ಟೇ. ಯಾರೋ ಅದನ್ನ ಪಾತಿ ಅಂದ್ಕೊಂಡುಬಿಟ್ಟಿದ್ದಾರೆ. ಸೋ, ಅದನ್ನ ತೆಗೆದು ಲಾನ್ ಹಾಕ್ಬಿಡೋಣ."

ಯಾರೋ. ನನ್ನ ಮುಖ ಕಾದ ಹಂಚಾಯಿತು. ಚರಿತ್ರೆಯ ಟೀಚರು ನೋಡಿ ನಾನು, ಆಧಾರ, ಮೂಲಪ್ರತಿ ಎಂದೆಲ್ಲ ಮಕ್ಕಳಿಗೆ ಉಪದೇಶ ಮಾಡುವವಳು. ಮೂಲಪ್ರತಿ ಎದುರಿಗೇ ಇದೆ, ಏನು ಹೇಳಲಿ? ಶಾಲಿನಿಯ 'ಕರೆಕ್ಟಾಗಿದೆ ಕಣೇ' ಕಿವಿಯಲ್ಲಿ ಗುಂಯ್‌ಗುಟ್ಟಿತು. ಅಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳಪ್ಪನ ಬಗ್ಗೆ ಅವಳಿಗಿದ್ದ ಹೆಮ್ಮೆಯೆಲ್ಲ ಆ ಗುಂಡುಪಾತಿಯಲ್ಲೇ ಇತ್ತು. ಅವಳ ಭುಜ ಮುಟ್ಟಿ, "ಬಿಡಮ್ಮ, ಹೋಗೋಣ" ಎಂದೆ.

ಅಮ್ಮ ಅಲ್ಲಾಡಲಿಲ್ಲ. ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು.

"ಈ ಮನೆ ಈಗ್ಲೂ ಐತಾ?"

"ಇದೆ ಆಂಟಿ. ಟಿಕೆಟ್ ಇಟ್ಟಿದ್ದಾರೆ, ಜನ ನೋಡೋಕೆ ಹೋಗ್ತಾರೆ."

"ಇಷ್ಟಗಲ ಜಾಗ ಬೋಳುಬೋಳಾಗಿ ಬಿಟ್ಟು ಟಿಕೆಟ್ ಬೇರೆ ಇಸ್ಕೊತಾರಾ!" ಎಂದಳು ಅಮ್ಮ. ಪುಸ್ತಕವನ್ನು ಮುಚ್ಚಿ ವಾಪಸು ಕೊಟ್ಟಳು. "ನಮ್ಮಪ್ಪ ತಪ್ಪು ಮಾಡಿಲ್ಲಮ್ಮ. ಚಿತ್ರದಲ್ಲಿ ಇದ್ದಿದ್ದನ್ನ ಮಾಡ್ದ. ಇಲ್ದಿರೋದು ಅವರ ಮನೇಲಿ."

ಪಲ್ಲವಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅದು ನಗುವ ಮಾತಲ್ಲ ಎಂದು ನನಗೆ ತಿಳಿಯಿತು, ಆದರೆ ತಡವಾಗಿ.

ಆ ಪುಸ್ತಕವನ್ನು ಕೇಳಿ ತಂದು ಶನಿವಾರ ಭಾನುವಾರ ಕೂತು ಓದಿದೆ. ಓದುತ್ತ ಓದುತ್ತ ಮೈ ಉರಿಯತೊಡಗಿತು. ಮೊದಲ ದೊರೆ ಚೌಕಾಬಾರದ ಮನೆಯಂತೆ ತೋಟ ಹಾಕಿಸಿದನಂತೆ. ಮೊಮ್ಮಗನಿಗೆ ಅದು ಹಳೇ ಫ್ಯಾಷನ್ ಅನ್ನಿಸಿ ಪೂರ್ತಿ ಅಗೆಸಿಹಾಕಿದನಂತೆ. ಇನ್ನೊಬ್ಬ ಮಹಾರಾಯ ಕಿಟಕಿಯಿಂದ ನೋಟಕ್ಕೆ ಅಡ್ಡ ಬರುತ್ತವೆಂದು ಬಡವರ ಗುಡಿಸಲುಗಳನ್ನೇ ಎತ್ತಿಸಿ ಗುಡ್ಡದಾಚೆ ಇಡಿಸಿದನಂತೆ. ಕೆರೆಯೊಂದಂತೂ ಅಳತೆ ತಪ್ಪಿ ಎಲ್ಲೋ ಆಗಬೇಕಾದದ್ದು ಇನ್ನೆಲ್ಲೋ ಆಗಿಬಿಟ್ಟಿತ್ತು. ಅದಕ್ಕೆ ಪುಸ್ತಕ 'ಅದೃಷ್ಟದ ತಪ್ಪು' ಎಂದು ನಾಲ್ಕು ಪುಟ ಕೊಂಡಾಡಿ, ಆ ದೊರೆಯ ಭಾವಚಿತ್ರವನ್ನೂ ಹಾಕಿತ್ತು. ಮಾಲಿಗಳ ಬಗ್ಗೆ ಇದ್ದದ್ದು ಒಂದೇ ಸಾಲು: ಹನ್ನೆರಡು ಜನರಿದ್ದರು.

ನೀವೇ ಹೇಳಿ, ಇದು ಯಾವ ನ್ಯಾಯ? ದೊರೆ ಕೆರೆಯನ್ನೇ ತಪ್ಪು ಜಾಗದಲ್ಲಿ ತೋಡಿದರೆ ಅದು ಚರಿತ್ರೆ, ಮುನಿಯಪ್ಪ ಹತ್ತು ಮೊಳದಗಲದ ಪಾತಿ ತೋಡಿದರೆ ಅದು 'ಯಾರೋ' ಮಾಡಿದ ಎಡವಟ್ಟು! ಹದಿನೈದು ವರ್ಷ ನಾನೂ ಮಕ್ಕಳಿಗೆ ರಾಜರ ಹೆಸರು ಉರುಹೊಡೆಸಿದವಳೇ, ಆ ಹನ್ನೆರಡು ಜನರ ಹೆಸರು ಕೇಳಿದವಳಲ್ಲ. ಸೋಮವಾರ ಸ್ಕೂಲಿಗೆ ರಜೆ ಹಾಕಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂಗ್ಲೆಗೆ ಹೋದೆ.

"ಎಪ್ಪತ್ತು ವರ್ಷದಿಂದ ಇರೋದು ಒರಿಜಿನಲ್ ಅಲ್ವೇನ್ರೀ?" ಎಂದು ಪಲ್ಲವಿಯನ್ನು ಕೇಳಿದೆ. "ನಿಮ್ಮ ಪುಸ್ತಕದ ಕೆರೇನ ಮುಚ್ಚಿಸ್ತೀರಾ ಹಂಗಾದ್ರೆ?"

"ಮೇಡಂ, ನೀವು ಹೇಳೋದು ನನಗೆ ಅರ್ಥ ಆಗತ್ತೆ. ನಿಜವಾಗ್ಲೂ" ಎಂದಳು ಅವಳು. "ಆದ್ರೆ ಕ್ಲೈಂಟ್‌ಗೆ ಈ ಚಿತ್ರದ ಥರಾನೇ ಬೇಕಂತೆ. ಕೂದಲೆಳೆ ವ್ಯತ್ಯಾಸ ಇರಬಾರ್ದಂತೆ."

ದೊರೆಸಾನಿ ಎಲ್ಲಿಗೂ ಹೋಗಿಲ್ಲ ಎಂದುಕೊಂಡೆ. ಸಾಹೇಬರ ಹತ್ತಿರ ಹೋದೆ. ಅವರು ಕೈ ಚೆಲ್ಲಿ ಕೂತಿದ್ದರು. ಅಮ್ಮ ಮಾತ್ರ ಜಗಳವಾಡಲಿಲ್ಲ, ಎರಡೇ ಮಾತು ಕೇಳಿದಳು. ಗೋಡೆಯಿಂದ ಇಳಿಸುವ, ನೀರಿನ ಕಲೆ ಬಿದ್ದ ಚಿತ್ರ ತನಗೆ ಬೇಕು, ಗುಂಡುಪಾತಿಯನ್ನು ತಾನೇ ಅಗೆಯಬೇಕು. ಸಾಹೇಬರು ಎದ್ದು ತಾವೇ ಚಿತ್ರ ಇಳಿಸಿ ಒರೆಸಿ ಕೊಟ್ಟರು. ಅದು ಈಗ ಜೋಗುಪಾಳ್ಯದಲ್ಲಿ ದೇವರ ಕ್ಯಾಲೆಂಡರುಗಳ ನಡುವೆ ಇದೆ.

ಅಗೆದ ದಿನ ನಾನೂ ಹೋಗಿದ್ದೆ. ಅಮ್ಮ ಬೆಳಗಿನಿಂದ ಒಬ್ಬಳೇ ಗುದ್ದಲಿ ಹಿಡಿದು ಕಾಬಾಳೆ ಗೆಡ್ಡೆಗಳನ್ನೆಲ್ಲ ಎಬ್ಬಿಸಿ ಗೋಣಿಚೀಲಗಳಿಗೆ ತುಂಬಿದಳು. ಕೆಲಸದವರು ಊಟಕ್ಕೆ ಹೋದಾಗ ಹಗ್ಗ, ಗೂಟ ತೆಗೆದಳು. "ಕೊನೇ ಸಲ ಅಳತೆ ನೋಡ್ತೀನಿ, ನಡುವಿನ ಗೂಟ ಹಿಡ್ಕೊ" ಎಂದಳು. ನಾನು ನಡುವೆ ಕುಕ್ಕರಗಾಲಲ್ಲಿ ಕೂತು ಗೂಟ ಹಿಡಿದೆ. ಅವಳು ಹಗ್ಗ ಬಿಗಿಹಿಡಿದು ಸುತ್ತು ಬರತೊಡಗಿದಳು. ಮೊಳಕ್ಕೊಮ್ಮೆ ನಿಲ್ಲುವಳು, ಬಗ್ಗುವಳು, ಮುಖ ಆಚೆ ತಿರುಗಿಸಿಕೊಂಡು ಏನೋ ಮಾಡಿ ಮತ್ತೆ ಏಳುವಳು. ಅಳುತ್ತಿದ್ದಾಳೆ ಪಾಪ ಎಂದುಕೊಂಡು ನಾನೂ ತಲೆ ತಗ್ಗಿಸಿ ಒಂದಷ್ಟು ಅತ್ತೆ.

ಸಂಜೆಯ ಹೊತ್ತಿಗೆ ಮಣ್ಣು ಸಮ ಮಾಡಿ ಹುಲ್ಲು ಹಾಸಿದರು. ಹಗ್ಗವನ್ನೂ ಗೂಟವನ್ನೂ ಅಮ್ಮ ನನ್ನ ಕೈಗಿಟ್ಟಳು.

ಹೋಟೆಲು ಶುರುವಾಯಿತು. ಮುಂಗಾರು ನಾಲ್ಕು ಹನಿ ಹಾಕಿದ್ದೇ ತಡ, ಪಲ್ಲವಿಯ ಫೋನ್ ಬಂತು. "ಮೇಡಂ, ಸ್ವಲ್ಪ ಆಂಟೀನ ಕೇಳ್ತೀರಾ? ಲಾನ್‌ನಲ್ಲಿ ಕ್ಯಾನ ಬರ್ತಿದೆ. ಎಲ್ಲೆಲ್ಲೋ ಅಲ್ಲ ಮೇಡಂ, ರೌಂಡಾಗಿ! ಗೆರೆ ಹಾಕಿದ ಹಾಗೆ! ಎರಡು ಸಲ ಕಿತ್ತೆವು, ಮತ್ತೆ ಬಂತು."

ನಾನು ಆಟೋ ಹತ್ತಿ ಜೋಗುಪಾಳ್ಯಕ್ಕೆ ಹೋದೆ. ಅಮ್ಮ ಹೊಸಿಲ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು.

"ಅಮ್ಮ, ನಿಜ ಹೇಳು. ಅವತ್ತು ನೀನು ಅಳ್ತಾ ಇರ್ಲಿಲ್ಲ, ಅಲ್ವಾ?"

"ನಾನ್ಯಾಕೆ ಅಳ್ಲಿ? ಅತ್ತಿದ್ದು ನೀನು."

"ಮಡಿಲಲ್ಲಿ ಗೆಡ್ಡೆ ಇಟ್ಕೊಂಡಿದ್ಯಾ?"

"ಭೂಮ್ತಾಯಿ ಪಾಲು ಬಿಡ್ಬೇಕಲ್ಲೇ. ಪದ್ಧತಿ."

"ಪದ್ಧತಿ ಅಂದ್ರೆ ಒಂದು ಗೆಡ್ಡೆ!"

"ಮೊಳಕ್ಕೊಂದು" ಎಂದಳು ಅಮ್ಮ, ಕಾಯಿಯ ನಾರು ಎಳೆಯುತ್ತ. "ಗೇಣುದ್ದ ಕೆಳಗೆ. ಮೂವತ್ತೊಂದು. ಅದನ್ನ ಕೀಳಕ್ಕೆ ಅವರಪ್ಪ ಬರ್ಬೇಕು."

ಅವರಪ್ಪ ಬರಲಿಲ್ಲ. ಹೋಟೆಲಿನವರು ಆ ಮಳೆಗಾಲವಿಡೀ ಕಿತ್ತರು. ಮರುವರ್ಷ ಕಿತ್ತು ಕಿತ್ತು ಸುಸ್ತಾದರು. ಅದರ ಮರುವರ್ಷ ಕೆಂಪು ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಗಿರಾಕಿಗಳು ಹೆಚ್ಚಾದರು ಎಂದು ಕೀಳುವುದನ್ನೇ ಬಿಟ್ಟರು. ಇದನ್ನೆಲ್ಲ ನನಗೆ ಹೇಳಿದವಳು ಪಲ್ಲವಿಯೇ. "ಆಂಟಿ ಗೆದ್ದರು ಮೇಡಂ, ಒಂದು ಸಲ ಕರ್ಕೊಂಡು ಬನ್ನಿ" ಎಂದಳು.

ಕರೆದುಕೊಂಡು ಹೋದೆ. ಅಮ್ಮ ದೀಪಾವಳಿಯ ಸೀರೆ ಉಟ್ಟಿದ್ದಳು. ಹುಟ್ಟಿದಾಗಿನಿಂದ ಬಗ್ಗಿ ನೋಡಿದ ಹುಲ್ಲನ್ನು ಮೊದಲ ಸಲ ಕುರ್ಚಿಯ ಮೇಲೆ ಕೂತು ನೋಡಿದಳು. ಎದುರಿಗೆ ಗುಂಡುಪಾತಿ, ಒಂದು ಗಿಡವೂ ಸಾಲು ತಪ್ಪಿರಲಿಲ್ಲ. ಟೀ ಬಂತು, ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಮೇಜಿನ ಮೇಲೆ ಮರದ ಸ್ಟ್ಯಾಂಡಿನಲ್ಲಿ ಒಂದು ಕಾರ್ಡಿತ್ತು. ಅದನ್ನು ಓದು ಎಂದಳು.

ನಾನು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದೆ. ಈ ತೋಟವನ್ನು ಇಂಗ್ಲೆಂಡಿನ ಒಂದು ಪುರಾತನ ಮನೆಯ ತೋಟದಂತೆಯೇ ರೂಪಿಸಲಾಗಿದೆ, ಬಲಗಡೆಯ ಸುಂದರವಾದ ಗುಂಡು ಪಾತಿಯೂ ಅಲ್ಲಿರುವಂತೆಯೇ ಇದೆ ಎಂದಿತ್ತು.

ಅಮ್ಮನ ಹುಬ್ಬು ಮೇಲೇರಿತು. "ಅಲ್ಲಿರೋ ಹಾಗಾ?"

"ಹಂಗಂತ ಹಾಕಿದಾರೆ."

"ಅಲ್ಲೆಲ್ಲೈತೆ? ಅಲ್ಲಿ ಬೋಳು! ನಾನೇ ನೋಡ್ಲಿಲ್ವಾ ಕಣ್ಣಾರೆ? ಪೆನ್ನು ತೆಗಿ."

"ಅಮ್ಮ, ಇದು ಹೋಟ್ಲಿನವರ ಕಾರ್ಡು..."

"ಹೋಟ್ಲು ಅವರದ್ದು. ಪಾತಿ ಯಾರ್ದು? ತೆಗಿ ಅಂದ್ರೆ."

ನಾನು ಸುತ್ತ ನೋಡಿದೆ. ಬಿಳಿ ಅಂಗಿಯ ಬೇರರು ನಮ್ಮನ್ನೇ ನೋಡುತ್ತಿದ್ದ. ನೋಡಲಿ. ಕೆಂಪು ಇಂಕಿನ ಪೆನ್ನು ತೆಗೆದೆ, ಮಕ್ಕಳ ಉತ್ತರ ತಿದ್ದುವ ಪೆನ್ನು. ಕೊನೆಯ ಸಾಲನ್ನು ಉದ್ದಕ್ಕೆ ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ: 'ಈ ಪಾತಿ ಹಾಕಿದವನು ಹಲಸೂರಿನ ಮಾಲಿ ಮುನಿಯಪ್ಪ.'

"ಓದು" ಎಂದಳು. ಓದಿದೆ.

"ಅಷ್ಟೇನಾ? ಇಂಗ್ಲೆಂಡಲ್ಲಿ ಇದು ಇಲ್ಲ ಅಂತಾನೂ ಬರಿ."

ಬರೆದೆ.

ಅಮ್ಮ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮರದ ಸ್ಟ್ಯಾಂಡಿಗೆ ಸಿಕ್ಕಿಸಿ ಜನ ಓಡಾಡುವ ಕಡೆಗೆ ತಿರುಗಿಸಿಟ್ಟಳು. ನಮ್ಮ ಹಿಂದೆ ಇನ್ನೂ ಎಂಟು ಮೇಜುಗಳಿದ್ದವು, ಒಂದೊಂದರ ಮೇಲೂ ಒಂದೊಂದು ಕಾರ್ಡು.

"ಏಳೇ ಮೇಲೆ" ಎಂದಳು ಅಮ್ಮ. "ಅವನ್ನೂ ಬರ್ದು ಮುಗಿಸ್ಬಿಡೋಣ."